ಹುಲ್ಲಿನೊಳಗಿನ ಬೂಷ್ಟು, ಬೂಷ್ಟಿನ ವಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತರು, ಕುರಿಗಾಹಿಗಳು, ಕೃಷಿ ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮೇವು ತಿಂದು ದನ ಬಿದ್ದರೆ ನಮ್ಮಲ್ಲಿ ಎಲ್ಲದಕ್ಕೂ ‘ಹುಲ್ಲಿನ ವಿಷ’ ಎಂಬ ಒಂದೇ ಹೆಸರು. ಆ ವಿಷ ಹುಲ್ಲಿನದೇ, ಹುಲ್ಲಿನೊಳಗೆ ಬದುಕಿರುವ ಬೂಷ್ಟಿನದೇ, ಬಣವೆಯಲ್ಲಿ ಆಮೇಲೆ ಬೆಳೆದ ಬೂಷ್ಟಿನದೇ ಎಂದು ಬೇರ್ಪಡಿಸದಿದ್ದರೆ ಚಿಕಿತ್ಸೆಯೂ ತಪ್ಪುತ್ತದೆ, ಮುಂದಿನ ವರ್ಷದ ಎಚ್ಚರಿಕೆಯೂ ತಪ್ಪುತ್ತದೆ. ಈ ಬರಹದ ಉದ್ದೇಶ ಅಷ್ಟೇ.

## ಮೊದಲಿಗೆ ತಿಳಿಯಬೇಕಾದದ್ದು

ಹಸಿರಾಗಿ, ಸೊಂಪಾಗಿ ಬೆಳೆದ ಹುಲ್ಲಿನೊಳಗೆ ಬೂಷ್ಟು ಇದೆ ಎಂದರೆ ನಂಬುವುದು ಹೇಗೆ? ಕಣ್ಣಿಗೆ ಏನೂ ಕಾಣುವುದಿಲ್ಲವಲ್ಲ?

ಕಣ್ಣಿಗೆ ಕಾಣುವುದಿಲ್ಲ, ನಿಜ. ರೊಟ್ಟಿಯ ಮೇಲೆ, ಒದ್ದೆ ಹೊಟ್ಟಿನ ಮೇಲೆ ಬರುವ ಬೂಷ್ಟಿನಂತೆ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಪಿಕ್ಲೋ ಎಂಬ ಕುಲದ ಶಿಲೀಂಧ್ರಗಳು ಫೆಸ್ಕ್ಯೂ, ರೈ ಗ್ರಾಸ್ ಮೊದಲಾದ ತಂಪು ನಾಡಿನ ಹುಲ್ಲುಗಳ ಒಳಗೆ, ಜೀವಕೋಶಗಳ ನಡುವಿನ ಸಂದಿಯಲ್ಲಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳಾಗಿ ಬದುಕುತ್ತವೆ. ಕೋಶದ ಗೋಡೆಯನ್ನು ಒಡೆದು ಒಳಗೆ ನುಗ್ಗುವುದಿಲ್ಲ. ಕಾಂಡ, ಎಲೆಯ ಬುಡದಲ್ಲಿ ಕಾಂಡವನ್ನು ಅಪ್ಪಿಕೊಂಡಿರುವ ಒರೆ, ಹೂಗೊಂಚಲು, ಬೀಜ ಎಲ್ಲದರಲ್ಲೂ ಇರುತ್ತವೆ. ಬೇರಿನಲ್ಲಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹೀಗೆ ಗಿಡದೊಳಗೆ ವಾಸಿಸುವ ಜೀವಿಗಳಿಗೆ ಎಂಡೋಫೈಟ್ ಎನ್ನುತ್ತಾರೆ.

ಹಾಗಾದರೆ ಅದು ಹುಲ್ಲಿಗೆ ಬಂದ ರೋಗವೇ ಅಲ್ಲವೇ?

ಅಲ್ಲ. ರೋಗವಾಗಿದ್ದರೆ ಹುಲ್ಲು ಸೊರಗಬೇಕಿತ್ತು. ಬೂಷ್ಟಿಗೆ ಹುಲ್ಲಿನಿಂದ ಸಕ್ಕರೆ ಸಿಗುತ್ತದೆ, ಇರಲು ಜಾಗ ಸಿಗುತ್ತದೆ, ಬೀಜದಲ್ಲಿ ಕುಳಿತು ಮುಂದಿನ ಪೀಳಿಗೆಗೆ ದಾಟುವ ದಾರಿ ಸಿಗುತ್ತದೆ. ಹುಲ್ಲಿಗೆ ಬೂಷ್ಟಿನಿಂದ ಕಾವಲು ಸಿಗುತ್ತದೆ. ಕೀಟ ಕಡಿಮೆ ತಿನ್ನುತ್ತದೆ, ದನ ಕಡಿಮೆ ಮೇಯುತ್ತದೆ, ಎಷ್ಟೋ ಸಲ ಬರವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಇದು ಸಹಜೀವನ.

ಈ ಕುಲದಲ್ಲೇ ಒಡನಾಟ ಕೆಡುವ ಉದಾಹರಣೆಯೂ ಇದೆ. ಎಪಿಕ್ಲೋ ಟೈಫಿನಾ ಎಂಬ ಪ್ರಭೇದ ಹೂ ಬಿಡುವ ಹೊತ್ತಿಗೆ ಕಾಂಡದ ಸುತ್ತ ಬಿಳಿಯ ಕವಚದಂತೆ ಹೊರಬಂದು ಹೂವನ್ನೇ ಹಿಸುಕಿಬಿಡುತ್ತದೆ. ಒಂದು ಜಾತಿಯ ನೊಣ ಈ ಬಿಳಿ ಕವಚದಿಂದ ಕವಚಕ್ಕೆ ಹಾರಿ ಬೂಷ್ಟಿನ ಬೀಜಾಣುಗಳನ್ನು ಹಂಚುತ್ತದೆ. ಬೀಜದ ಮೂಲಕವೇ ಸಾಗುವ ಪ್ರಭೇದಗಳು ಹೂವನ್ನು ಹಾಳುಮಾಡುವುದಿಲ್ಲ. ಹುಲ್ಲಿಗೆ ಬೀಜ ಕಟ್ಟದಿದ್ದರೆ ಅವುಗಳ ವಂಶವೂ ಅಲ್ಲಿಗೆ ಮುಗಿಯುತ್ತದೆ.

ವಿಷ ಮಾಡುವುದು ಹುಲ್ಲೋ, ಬೂಷ್ಟೋ? ಇದನ್ನು ಹೇಗೆ ಕಂಡುಹಿಡಿದರು?

ಬೂಷ್ಟು. ಇದು ಗೊತ್ತಾದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಮೆರಿಕದ ಕೆಂಟುಕಿ ರಾಜ್ಯದ ಒಂದು ಬೆಟ್ಟದ ಇಳಿಜಾರಿನಲ್ಲಿ 1931ರಲ್ಲಿ ಸಂಗ್ರಹಿಸಿದ ಟಾಲ್ ಫೆಸ್ಕ್ಯೂ ಹುಲ್ಲನ್ನು 1943ರಲ್ಲಿ ‘ಕೆಂಟುಕಿ 31’ ಎಂಬ ಹೆಸರಿನಲ್ಲಿ ರೈತರಿಗೆ ಬಿಡುಗಡೆ ಮಾಡಿದರು. ಬರಕ್ಕೂ ತುಳಿತಕ್ಕೂ ಬಗ್ಗದ ಹುಲ್ಲು. ಲಕ್ಷಗಟ್ಟಲೆ ಎಕರೆಗೆ ಹಬ್ಬಿತು. ಆದರೆ ಅದನ್ನು ಮೇಯ್ದ ದನಗಳು ಬೇಸಿಗೆಯಲ್ಲಿ ಏದುಸಿರು ಬಿಡುತ್ತಾ ನೆರಳು, ನೀರು ಬಿಟ್ಟು ಕದಲುತ್ತಿರಲಿಲ್ಲ. ಮೈ ತುಂಬುತ್ತಿರಲಿಲ್ಲ, ಹಾಲು ಇಳಿಯುತ್ತಿತ್ತು. ಚಳಿಗಾಲದಲ್ಲಿ ಕೆಲವಕ್ಕೆ ಗೊರಸಿನ ಮೇಲಿನ ಭಾಗ, ಬಾಲದ ತುದಿ, ಕಿವಿಯ ಅಂಚು ಕೊಳೆತು ಬೀಳುತ್ತಿತ್ತು. ಹುಲ್ಲಿನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಕೊನೆಗೆ 1977ರಲ್ಲಿ ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು, ಜಾರ್ಜಿಯಾ ರಾಜ್ಯದಲ್ಲಿ ದನಗಳಿಗೆ ಕೆಡುಕಾಗುತ್ತಿದ್ದ ಹುಲ್ಲುಗಾವಲುಗಳ ಫೆಸ್ಕ್ಯೂ ಒಳಗೆ ಒಂದು ಶಿಲೀಂಧ್ರ ತುಂಬಿಕೊಂಡಿರುವುದನ್ನು ತೋರಿಸಿಕೊಟ್ಟರು. ನ್ಯೂಜಿಲೆಂಡಿನಲ್ಲಿ ರೈ ಗ್ರಾಸ್ ಮೇಯ್ದ ಕುರಿಗಳು ತೂರಾಡಿ ಬೀಳುವುದಕ್ಕೂ ಒಳಗಿನ ಶಿಲೀಂಧ್ರವೇ ಕಾರಣ ಎಂದು 1981ರಲ್ಲಿ ಗೊತ್ತಾಯಿತು.

ಅದೇ ಹುಲ್ಲಿನಿಂದ ಬೂಷ್ಟನ್ನು ತೆಗೆದರೆ ವಿಷವೂ ಮಾಯವಾಗುತ್ತದೆ ಎಂಬುದು ಮುಂದಿನ ಸಾಕ್ಷಿ. ಕಡೆಯ ಸಾಕ್ಷಿ ವಂಶವಾಹಿಯಿಂದ ಬಂತು. ಎರ್ಗೊವ್ಯಾಲಿನ್ ಎಂಬ ವಿಷಕ್ಕೆ ಬೇಕಾದ ಒಂದೇ ಒಂದು ಜೀನನ್ನು ಬೂಷ್ಟಿನಲ್ಲಿ ಕೆಡಿಸಿ ಅದನ್ನು ಮತ್ತೆ ಹುಲ್ಲಿಗೆ ಸೇರಿಸಿದಾಗ, ಬೂಷ್ಟು ಎಂದಿನಂತೆ ಬದುಕಿತು, ಆದರೆ ಹುಲ್ಲಿನಲ್ಲಿ ಎರ್ಗೊವ್ಯಾಲಿನ್ ಇರಲಿಲ್ಲ. ಇದು 2001ರಲ್ಲಿ ಪ್ರಕಟವಾಯಿತು. ಅಲ್ಲಿಂದಾಚೆಗೆ ಹುಲ್ಲನ್ನು ದೂರಲು ಕಾರಣ ಉಳಿದಿಲ್ಲ.

ಎಷ್ಟು ಬಗೆಯ ವಿಷಗಳಿವೆ? ಎಲ್ಲವೂ ದನಕ್ಕೆ ಅಪಾಯವೇ?

ಮುಖ್ಯವಾಗಿ ನಾಲ್ಕು ಗುಂಪು. ಎರಡು ಗುಂಪು ದನ ಕುರಿಗಳಿಗೆ ಕೆಟ್ಟವು, ಇನ್ನೆರಡು ಕೀಟಗಳ ಮೇಲಷ್ಟೇ ಜೋರು.

ಎರ್ಗಟ್ ಆಲ್ಕಲಾಯ್ಡ್‌ಗಳಲ್ಲಿ ಎರ್ಗೊವ್ಯಾಲಿನ್ ಪ್ರಮುಖ; ಎರ್ಗಟ್ ಎಂಬುದು ಧಾನ್ಯ, ಹುಲ್ಲುಗಳ ತೆನೆಗೆ ತಗಲುವ ಬೂಷ್ಟು, ಈ ವಿಷಗಳಿಗೆ ಅದರದೇ ಹೆಸರು. ಅದು ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಮೈಯ ಶಾಖ ಹೊರಹೋಗದೆ ಬೇಸಿಗೆಯಲ್ಲಿ ದನ ಬಳಲುತ್ತದೆ, ಚಳಿಯಲ್ಲಿ ತುದಿಯ ಅಂಗಗಳಿಗೆ ರಕ್ತ ಸಾಲದೆ ಅವು ಸಾಯುತ್ತವೆ. ಹಾಲು ಉತ್ಪತ್ತಿಯಾಗಲು ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಅದು ತಗ್ಗಿಸುತ್ತದೆ. ಒಂದು ಕಿಲೋ ಒಣ ಮೇವಿನಲ್ಲಿ ಅರ್ಧ ಮಿಲಿಗ್ರಾಂ ಆಸುಪಾಸಿನಷ್ಟಿದ್ದರೂ ದನಕ್ಕೆ ತೊಂದರೆ ಕಾಣಿಸಿಕೊಳ್ಳುತ್ತದೆ.

ಎರಡನೆಯದು ಇಂಡೋಲ್ ಡೈಟರ್ಪೀನ್‌ಗಳು. ರೈ ಗ್ರಾಸಿನ ಲೋಲಿಟ್ರೆಮ್ ಬಿ ಈ ಗುಂಪಿನದು. ನರ ಮತ್ತು ಸ್ನಾಯುಗಳ ಪೊಟ್ಯಾಸಿಯಂ ನಾಲೆಗಳನ್ನು ಅದು ಮುಚ್ಚುತ್ತದೆ. ಕುರಿಯ ತಲೆ ನಡುಗುತ್ತದೆ, ಓಡಿಸಿದರೆ ಕಾಲು ಸೆಟೆದು ಬೀಳುತ್ತದೆ. ಒಂದು ಕಿಲೋ ಒಣ ಹುಲ್ಲಿನಲ್ಲಿ ಸುಮಾರು ಎರಡು ಮಿಲಿಗ್ರಾಂ ದಾಟಿದರೆ ಈ ಲಕ್ಷಣಗಳು ಶುರು.

ಮೂರನೆಯದು ಲೋಲಿನ್, ನಾಲ್ಕನೆಯದು ಪೆರಮಿನ್. ಲೋಲಿನ್ ಕೀಟಗಳನ್ನು ಕೊಲ್ಲುತ್ತದೆ. ಕೆಲವು ಹುಲ್ಲುಗಳಲ್ಲಿ ಒಂದು ಕಿಲೋ ಒಣ ತೂಕಕ್ಕೆ ಹಲವು ಗ್ರಾಂನಷ್ಟಿದ್ದರೂ ದನಕ್ಕೆ ಅದರಿಂದ ಹೇಳಿಕೊಳ್ಳುವಂಥ ಕೇಡಿಲ್ಲ. ಪೆರಮಿನ್ ಕೀಟಕ್ಕೆ ಹುಲ್ಲು ಬೇಡವೆನಿಸುವಂತೆ ಮಾಡುತ್ತದೆ. ನ್ಯೂಜಿಲೆಂಡಿನ ಹುಲ್ಲುಗಾವಲನ್ನು ಕಾಡುವ ಅರ್ಜೆಂಟೀನಾದ ಕಾಂಡಕೊರಕ ಮೂತಿಹುಳು ಇದರಿಂದಲೇ ದೂರ ಉಳಿಯುತ್ತದೆ.

## ನಮ್ಮ ಹೊಲ, ನಮ್ಮ ದನ

ನಮ್ಮ ಕಡೆಯ ಹುಲ್ಲಿನಲ್ಲಿ ಇದು ಇದೆಯೇ? ಬೀದರಿನ ಕೆಂಪು ನೆಲದ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತೇವೆ, ಹೆದರಬೇಕೇ?

ಎಪಿಕ್ಲೋಗೆ ಹೆದರಬೇಕಿಲ್ಲ. ಅದರ ಮನೆ ತಂಪು ನಾಡಿನ ಹುಲ್ಲುಗಳು: ಫೆಸ್ಕ್ಯೂ, ರೈ ಗ್ರಾಸ್, ಚೀನಾ ಮಂಗೋಲಿಯಾಗಳಲ್ಲಿ ಕುದುರೆಗಳಿಗೆ ಅಮಲೇರಿಸುವ ಒಂದು ಹುಲ್ಲು, ಇಂಥವು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಯಲಿನಲ್ಲಿ ಬೆಳೆಯುವ ಕರಿಕೆ, ಬದುವಿನ ಹುಲ್ಲು, ಜೋಳ, ಸಜ್ಜೆ ಎಲ್ಲವೂ ಬಿಸಿಲು ನಾಡಿನ ಬೇರೆಯೇ ಗುಂಪಿನವು.

ಆದರೆ ಇದರ ದಾಯಾದಿಗಳು ನಮ್ಮಲ್ಲಿವೆ. ಎಪಿಕ್ಲೋ ಸೇರಿರುವ ಕ್ಲಾವಿಸಿಪಿಟೇಸಿ ಕುಟುಂಬಕ್ಕೇ ಸಜ್ಜೆ ಮತ್ತು ಜೋಳದ ತೆನೆಯ ಎರ್ಗಟ್ ಬೂಷ್ಟುಗಳು ಸೇರುತ್ತವೆ. ಕರಿಕೆಯ ಹೂವಿಗೆ ತಗಲುವ ಒಂದು ಎರ್ಗಟ್ ಬೂಷ್ಟಿನಿಂದ ದನಗಳಿಗೆ ನಡುಕ ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ ದಾಖಲಾಗಿದೆ. ಹೀಗಾಗಿ ನಮ್ಮ ಕುರಿಗಾಹಿಗಳು ಎಲೆಗಿಂತ ತೆನೆಯ ಕಡೆಗೆ ಕಣ್ಣಿಡಬೇಕು. ಹೂ ಬಿಟ್ಟ ಹುಲ್ಲಿನ ತೆನೆ ಅಂಟಂಟಾಗಿ, ಆಮೇಲೆ ಕಪ್ಪಾಗಿ ಕಂಡರೆ ಆ ಕಡೆ ಹಿಂಡನ್ನು ಬಿಡಬೇಡಿ.

ಎಳೆ ಜೋಳದ ಹೊಲಕ್ಕೆ ನುಗ್ಗಿ ತಿಂದ ಆಕಳು ಅರ್ಧ ಗಂಟೆಯಲ್ಲೇ ಸತ್ತಿತು. ಅದೂ ಬೂಷ್ಟಿನ ವಿಷವೇ?

ಅಲ್ಲ. ಇಲ್ಲಿ ವಿಷ ಜೋಳದ್ದೇ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತುವಿದೆ. ದನ ಅಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮೊಣಕಾಲುದ್ದದ ಪೈರು, ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ, ಈ ಮೂರರಲ್ಲಿ ಅಪಾಯ ಹೆಚ್ಚು. ಹೂ ಬಿಟ್ಟ ಮೇಲೆ ಇಳಿಯುತ್ತದೆ, ಬಲಿತು ಒಣಗಿದ ಕಣಿಕೆಯಲ್ಲಿ ಭಯವಿಲ್ಲ.

ವ್ಯತ್ಯಾಸ ತಿಳಿಯುವುದು ವೇಗದಿಂದ. ಸಯನೈಡ್ ನಿಮಿಷಗಳಲ್ಲಿ ಕೊಲ್ಲುತ್ತದೆ. ಉಸಿರಾಟ ಕಷ್ಟವಾಗುತ್ತದೆ, ರಕ್ತ ಹೊಳೆಯುವ ಕೆಂಪಾಗಿರುತ್ತದೆ. ಹುಲ್ಲಿನೊಳಗಿನ ಬೂಷ್ಟಿನ ವಿಷ ದಿನಗಳು, ವಾರಗಳು ಮೇಯ್ದ ಮೇಲೆ ಕಾಣಿಸಿಕೊಳ್ಳುತ್ತದೆ. ಸಯನೈಡಿಗೆ ಮದ್ದಿದೆ: ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ಆದರೆ ಅದನ್ನು ಪಶುವೈದ್ಯರು ರಕ್ತನಾಳಕ್ಕೆ ಕೊಡಬೇಕು, ತಕ್ಷಣ ಕೊಡಬೇಕು. ಮನೆಮದ್ದಿಗೆ ಕಳೆದ ಹದಿನೈದು ನಿಮಿಷವೇ ಆಕಳ ಜೀವ.

ಸಜ್ಜೆಯ ತೆನೆಯಿಂದ ಜೇನಿನಂಥ ಅಂಟು ಸೋರುತ್ತಿದೆ. ಕಾಳು ತಿನ್ನಬಹುದೇ? ಬಿತ್ತನೆಗೆ ಇಡಬಹುದೇ?

ಅದು ಎರ್ಗಟ್. ಹೂ ಬಿಡುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಬೂಷ್ಟು ಹೂವಿನ ಶಲಾಕೆಯ ಮೂಲಕ ಒಳಹೊಗುತ್ತದೆ. ತೆನೆಯನ್ನು ಹತ್ತಿರದಿಂದ ನೋಡಿ. ಮೊದಲು ತಿಳಿಗುಲಾಬಿ ಹನಿಗಳು, ಮುಟ್ಟಿದರೆ ಬೆರಳಿಗೆ ಅಂಟುತ್ತವೆ, ಇರುವೆ ನೊಣಗಳು ಮುತ್ತಿರುತ್ತವೆ. ಎರಡು ವಾರ ಕಳೆದರೆ ಅದೇ ಜಾಗದಲ್ಲಿ ಕಾಳಿಗಿಂತ ದೊಡ್ಡದಾದ, ಕಂದುಗಪ್ಪು ಬಣ್ಣದ, ಉಗುರಿನಿಂದ ಒತ್ತಿದರೆ ಒಡೆಯದ ಗಂಟು ಸಿಪ್ಪೆಯಿಂದ ಹೊರಚಾಚಿರುತ್ತದೆ. ವಿಷವೆಲ್ಲ ಆ ಗಂಟಿನಲ್ಲಿ.

ಸಜ್ಜೆಯ ಎರ್ಗಟ್‌ನಲ್ಲಿ ಅಗ್ರೊಕ್ಲಾವಿನ್, ಎಲಿಮೊಕ್ಲಾವಿನ್ ಮೊದಲಾದ ವಿಷಗಳಿವೆ. ತಿಂದವರಿಗೆ ಓಕರಿಕೆ, ವಾಂತಿ, ತಲೆಸುತ್ತು, ಮಂಪರು. ರಾಜಸ್ಥಾನದಲ್ಲಿ 1975ರಲ್ಲಿ ಜನ ಇದರಿಂದ ನರಳಿದ್ದರು. ಯುರೋಪಿನ ರೈ ಧಾನ್ಯದ ಎರ್ಗಟ್‌ನಂತೆ ಕೈಕಾಲು ಕೊಳೆಯುವುದು ಇದರಲ್ಲಿ ಕಾಣುವುದಿಲ್ಲ. ಆಹಾರ ಧಾನ್ಯದಲ್ಲಿ ಎರ್ಗಟ್ ತಗಲಿದ ಕಾಳು ತೂಕದಲ್ಲಿ ಶೇಕಡಾ 0.05 ಮೀರಬಾರದು ಎಂಬುದು ನಮ್ಮ ದೇಶದ ನಿಯಮ.

ಬಿತ್ತನೆ ಬೀಜಕ್ಕೆ ಹಳೆಯ, ಖರ್ಚಿಲ್ಲದ ಉಪಾಯವಿದೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಅಡುಗೆ ಉಪ್ಪು ಕರಗಿಸಿ ಬೀಜ ಸುರಿದು ಕಲಕಿ. ಎರ್ಗಟ್ ಗಂಟು, ಜೊಳ್ಳು ತೇಲುತ್ತವೆ, ಗಟ್ಟಿ ಬೀಜ ತಳ ಸೇರುತ್ತದೆ. ತೇಲಿದ್ದನ್ನು ತೆಗೆದು ಸುಟ್ಟುಬಿಡಿ. ತಿಪ್ಪೆಗೂ ಕೋಳಿಗೂ ಹಾಕಬೇಡಿ. ತಳದ ಬೀಜವನ್ನು ಎರಡು ಮೂರು ಸಲ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಉಳಿದರೆ ಮೊಳಕೆ ಕುಂಠಿತವಾಗುತ್ತದೆ.

ಹಾರಕ ತಿಂದರೆ ಅಮಲೇರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಈಗ ಸಿರಿಧಾನ್ಯ ಎಂದು ಎಲ್ಲರೂ ತಿನ್ನುತ್ತಿದ್ದಾರೆ. ಸುರಕ್ಷಿತವೇ?

ಒಣಗಿಸಿ, ಬೂಷ್ಟು ಹಿಡಿಯದಂತೆ ಇಟ್ಟ ಹಾರಕ ಒಳ್ಳೆಯ ಆಹಾರ. ಹಿರಿಯರ ಮಾತೂ ಸುಳ್ಳಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೆನೆ ನೆನೆದರೆ ಆಸ್ಪರ್ಜಿಲಸ್ ಗುಂಪಿನ ಬೂಷ್ಟುಗಳು ಹಾರಕದಲ್ಲಿ ಸೈಕ್ಲೊಪಿಯಾಜೋನಿಕ್ ಆಮ್ಲ ಎಂಬ ವಿಷ ಮಾಡುತ್ತವೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಡದಲ್ಲಿ ಹಾರಕದ ಹೊಲ ಮೇಯ್ದ ಹತ್ತು ಆನೆಗಳು ಸತ್ತವು. ಅವುಗಳ ಅಂಗಾಂಶದಲ್ಲಿ ಪ್ರಯೋಗಾಲಯಕ್ಕೆ ಸಿಕ್ಕಿದ್ದು ಇದೇ ವಿಷ. ಕೊಳ್ಳುವಾಗ ಮುಗ್ಗಲು ವಾಸನೆಯಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ.

ನಾರಾಯಣಪುರ ಎಡದಂಡೆ ಕಾಲುವೆಯ ಬದಿಯಲ್ಲಿ ಬೇಶರಮ್ ಗಿಡ ಹಬ್ಬಿದೆ. ಆಡುಗಳು ತಿಂದು ಬಡಕಲಾಗಿ ತಲೆ ಅಲ್ಲಾಡಿಸುತ್ತಿವೆ. ಅದು ಹುಲ್ಲಲ್ಲವಲ್ಲ, ನಿಮ್ಮನ್ನು ಕೇಳಬಹುದೇ?

ಖಂಡಿತ ಕೇಳಬೇಕು. ನಮ್ಮ ಮೂರು ಜಿಲ್ಲೆಗಳಲ್ಲಿ ‘ಗಿಡದೊಳಗಿನ ಬೂಷ್ಟಿನ ವಿಷ’ ಎಂದು ಬೆರಳು ಮಾಡಿ ತೋರಿಸಬಹುದಾದ ಗಿಡ ಹುಲ್ಲಿಗಿಂತ ಇದೇ. ತಿಳಿನೇರಳೆ ಬಣ್ಣದ ಕಹಳೆಯಾಕಾರದ ಹೂ ಬಿಡುವ ಇದು ಅಮೆರಿಕ ಖಂಡದಿಂದ ಬಂದ ಐಪೊಮಿಯ ಕಾರ್ನಿಯ. ಕೆರೆಯಂಗಳ, ಕಾಲುವೆ ದಂಡೆ, ರಸ್ತೆ ಬದಿಯ ತಗ್ಗು ಎಲ್ಲಿಯೂ ಬೇರೂರುತ್ತದೆ. ಇದರಲ್ಲಿರುವ ಸ್ವೈನ್ಸೊನಿನ್ ಎಂಬ ವಿಷವನ್ನು ಮಾಡುವುದು ಗಿಡವಲ್ಲ, ಅದರೊಳಗೆ ಬದುಕುವ, ಬೀಜದಿಂದ ಬೀಜಕ್ಕೆ ದಾಟುವ ಒಂದು ಶಿಲೀಂಧ್ರ. ಇದು ಗೊತ್ತಾದದ್ದು 2013ರಲ್ಲಿ. ಬೀಜಕ್ಕೆ ಶಿಲೀಂಧ್ರನಾಶಕ ಕೊಟ್ಟು ಬೆಳೆಸಿದ ಗಿಡದಲ್ಲಿ ಈ ವಿಷ ಇರಲಿಲ್ಲ. ಕ್ಯಾಲಿಸ್ಟೆಜಿನ್ ಎಂಬ ಇನ್ನೊಂದು ವಿಷವನ್ನು ಮಾತ್ರ ಗಿಡ ತಾನೇ ಮಾಡುತ್ತದೆ.

ಸ್ವೈನ್ಸೊನಿನ್ ಕೋಶದೊಳಗೆ ಸಕ್ಕರೆಯ ಸರಪಳಿಗಳನ್ನು ಕತ್ತರಿಸುವ ಕಿಣ್ವವೊಂದನ್ನು ತಡೆಯುತ್ತದೆ. ಜೀರ್ಣವಾಗದ ವಸ್ತು ನರಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಿಂದರೆ ಏನೂ ಕಾಣದು. ವಾರಗಟ್ಟಲೆ ತಿಂದ ಆಡು ಸೊರಗುತ್ತದೆ, ತಲೆ ನಡುಗುತ್ತದೆ, ಹಿಂಗಾಲು ಎಳೆಯುತ್ತದೆ. ಬೇಸಿಗೆಯಲ್ಲಿ ಬೇರೆ ಹಸಿರಿಲ್ಲದಾಗ ರುಚಿ ಹತ್ತಿದ ಆಡು ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ, ಅಪಾಯ ಹೆಚ್ಚುವುದು ಇಲ್ಲೇ. ನಡುಕ ಶುರುವಾದ ಕೂಡಲೇ ಆ ಜಾಗದಿಂದ ದೂರ ಕಟ್ಟಿ ಬೇರೆ ಮೇವು ಹಾಕಿದರೆ ಚೇತರಿಸಿಕೊಳ್ಳುತ್ತವೆ. ತಡವಾದರೆ ನರಕ್ಕಾದ ಹಾನಿ ಉಳಿದುಬಿಡುತ್ತದೆ. ಬೇಲಿಗೆಂದು ಈ ಗಿಡವನ್ನು ನೆಡುವವರು ದಯವಿಟ್ಟು ಬಿಡಬೇಕು.

ಸುರಪುರ ಕಡೆ ಭತ್ತದ ಹುಲ್ಲು ತಿನ್ನಿಸುತ್ತೇವೆ. ಎಮ್ಮೆಯ ಬಾಲದ ತುದಿ, ಕಿವಿ ಒಣಗಿ ಉದುರುತ್ತಿವೆ. ಅಮೆರಿಕದ ಫೆಸ್ಕ್ಯೂ ರೋಗವೇ ಇಲ್ಲಿಗೆ ಬಂತೇ?

ಲಕ್ಷಣ ಅದೇ, ಕಾರಣ ಬೇರೆ. ಪಂಜಾಬಿನ ಡೇಘ್ ನಾಲಾ ಪ್ರದೇಶದಲ್ಲಿ ಮೊದಲು ಗುರುತಿಸಿದ್ದರಿಂದ ಇದಕ್ಕೆ ಡೆಗ್ನಾಲಾ ರೋಗ ಎನ್ನುತ್ತಾರೆ. ಸರಿಯಾಗಿ ಒಣಗದೆ ಬಣವೆ ಹಾಕಿದ ಭತ್ತದ ಹುಲ್ಲಿನಲ್ಲಿ ಫ್ಯುಸೇರಿಯಂ ಮೊದಲಾದ ಬೂಷ್ಟುಗಳು ಬೆಳೆದು ವಿಷ ಬಿಡುತ್ತವೆ. ಇವು ಹುಲ್ಲಿನ ಸಹಜೀವಿಗಳಲ್ಲ, ಆಮೇಲೆ ಬಂದವು. ಎಮ್ಮೆಗಳಿಗೆ ಚಳಿಗಾಲದಲ್ಲಿ ಹೆಚ್ಚು. ಕಪ್ಪು ಚುಕ್ಕೆ, ಮುಗ್ಗಲು ವಾಸನೆಯ ಹುಲ್ಲನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹುಲ್ಲನ್ನು ಬಿಸಿಲಿಗೆ ಹರಡಿ, ಪೂರ್ತಿ ಒಣಗಿದ ಮೇಲೆಯೇ ಎತ್ತರದ ಜಾಗದಲ್ಲಿ ಬಣವೆ ಹಾಕಿ.

ಇಂಥ ಮೇವು ತಿಂದ ಆಕಳ ಹಾಲು ಮಕ್ಕಳಿಗೆ ಕೊಡಬಹುದೇ?

ಎರ್ಗಟ್ ಗುಂಪಿನ ವಿಷಗಳು ಹಾಲಿಗೆ ಇಳಿಯುವುದು ಬಹಳ ಕಡಿಮೆ. ಅವು ಹಾಲಿನ ಪ್ರಮಾಣವನ್ನು ಇಳಿಸುತ್ತವೆ. ಹಾಲಿನ ವಿಷಯದಲ್ಲಿ ನಾನು ನಿಜವಾಗಿ ಹೆದರುವುದು ಅಫ್ಲಾಟಾಕ್ಸಿನ್‌ಗೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳದಲ್ಲಿರುವ ಅದು ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿ ಇರುವುದು ಇದಕ್ಕಾಗಿಯೇ. ಹಿಂಡಿಯ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ದನ ತೂರಾಡುತ್ತಿದೆ, ಡಾಕ್ಟರು ಬರುವವರೆಗೆ ಏನು ಮಾಡಲಿ?

ಆ ಮೇವಿನಿಂದ ದೂರ ಒಯ್ಯಿರಿ, ನೆರಳಿನಲ್ಲಿ ಸಮತಟ್ಟು ಜಾಗದಲ್ಲಿ ಬಿಡಿ. ಓಡಿಸಬೇಡಿ, ಬೆದರಿಸಬೇಡಿ, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ. ನಡುಕದ ವಿಷಗಳಲ್ಲಿ ದನ ಸಾಯುವುದು ಬಹುಪಾಲು ವಿಷದಿಂದಲ್ಲ, ಬಾವಿಗೋ ಹೊಂಡಕ್ಕೋ ಬಿದ್ದು. ಬಾಯಿಗೆ ಎಣ್ಣೆ, ಮಜ್ಜಿಗೆ ಸುರಿಯಬೇಡಿ. ನುಂಗಲಾಗದ ದನದ ಶ್ವಾಸಕೋಶಕ್ಕೆ ಅದು ಹೋಗುತ್ತದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯದ ನೆರವು ಸಿಗುತ್ತದೆ. ತಿಂದ ಮೇವಿನ ಒಂದು ಹಿಡಿ, ತೆನೆ ಬೇರು ಸಮೇತ, ತೆಗೆದಿಡಿ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. ಲೋಲಿಟ್ರೆಮ್ ಬಗೆಯ ವಿಷಕ್ಕೆ ಪ್ರತಿಮದ್ದಿಲ್ಲ. ಮೇವು ಬದಲಿಸಿ ಸುಮ್ಮನೆ ಬಿಟ್ಟರೆ ಹೆಚ್ಚಿನವು ಒಂದೆರಡು ವಾರದೊಳಗೆ ಸರಿಹೋಗುತ್ತವೆ.

ಆನ್‌ಲೈನಿನಲ್ಲಿ ರೈ ಗ್ರಾಸ್, ಫೆಸ್ಕ್ಯೂ ಬೀಜ ಸಿಗುತ್ತದೆ. ದೇವಣಿ ಆಕಳಿಗೆ ಮೇವಾಗಿ ಬೆಳೆಯಲೇ?

ಬೇಡ. ಮೊದಲನೆಯದಾಗಿ ನಮ್ಮ ಬೇಸಿಗೆಯಲ್ಲಿ ಉಳಿಯುವುದಿಲ್ಲ. ಎರಡನೆಯದಾಗಿ, ಉದ್ಯಾನ ಮತ್ತು ಆಟದ ಮೈದಾನಕ್ಕೆಂದು ಮಾರುವ ಬೀಜದಲ್ಲಿ ಕೀಟ ಬಾರದಿರಲೆಂದು ಬೂಷ್ಟು ಇರುವ ಬೀಜವನ್ನೇ ಬೇಕೆಂದು ಆರಿಸಿರುತ್ತಾರೆ. ಲಾನಿಗೆ ಅದು ಗುಣ, ದನಕ್ಕೆ ವಿಷ. ಇದನ್ನೇ ಬಳಸಿಕೊಂಡು ನ್ಯೂಜಿಲೆಂಡಿನಲ್ಲಿ ವಿಮಾನ ನಿಲ್ದಾಣಗಳಿಗೆ ಹಕ್ಕಿಗಳು ಸುಳಿಯದಂಥ ಹುಲ್ಲನ್ನು ರೂಪಿಸಿದ್ದಾರೆ. ಶ್ರೀನಿವಾಸ ಸರಡಗಿಯ ನಮ್ಮ ವಿಮಾನ ನಿಲ್ದಾಣಕ್ಕೂ ತರಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಹುಲ್ಲೇ ಬದುಕದ ಕಡೆ ಅದರ ಬೂಷ್ಟು ಬದುಕುವುದಿಲ್ಲ. ದೇವಣಿಗೆ ಜೋಳದ ಕಣಿಕೆ, ನೇಪಿಯರ್, ತೊಗರಿ ಹೊಟ್ಟು ಸಾಕು.

## ಇನ್ನಷ್ಟು ಆಳಕ್ಕೆ

ಬೀಜದಿಂದ ಬೀಜಕ್ಕೆ ಬೂಷ್ಟು ಹೇಗೆ ದಾಟುತ್ತದೆ? ಬೀಜ ಹಳೆಯದಾದರೆ ಏನಾಗುತ್ತದೆ?

ಹೂಗೊಂಚಲು ಮೂಡುವಾಗಲೇ ಎಳೆಗಳು ಅಂಡಾಶಯಕ್ಕೆ, ಅಲ್ಲಿಂದ ಬೀಜದ ಭ್ರೂಣಕ್ಕೆ ಸೇರುತ್ತವೆ. ಮೊಳಕೆಯೊಡೆದಾಗ ಹೊಸ ಚಿಗುರಿನ ಜೊತೆಗೇ ಎದ್ದು ಬರುತ್ತವೆ. ಪರಾಗದ ಮೂಲಕ ದಾಟುವುದಿಲ್ಲ, ತಾಯಿಯಿಂದ ಮಾತ್ರ. ಪಕ್ಕದ ಗಿಡಕ್ಕೆ ಗಾಳಿಯಲ್ಲಿ ಹಾರುವುದೂ ಇಲ್ಲ.

ಬೀಜಕ್ಕಿಂತ ಬೂಷ್ಟಿನ ಆಯುಷ್ಯ ಕಡಿಮೆ. ಸಾಮಾನ್ಯ ಗೋದಾಮಿನಲ್ಲಿ ಒಂದೆರಡು ವರ್ಷ ಇಟ್ಟರೆ ಬೀಜ ಮೊಳೆಯುತ್ತದೆ, ಬೂಷ್ಟು ಸತ್ತಿರುತ್ತದೆ. ಬಿಸಿ ಮತ್ತು ತೇವ ಹೆಚ್ಚಿದಷ್ಟೂ ಸಾವು ಬೇಗ. ಬೂಷ್ಟಿಲ್ಲದ ಹುಲ್ಲನ್ನು ಮೊದಲು ಪಡೆದದ್ದು ಹೀಗೆ ಹಳೆಯ ಬೀಜದಿಂದಲೇ.

ಬೂಷ್ಟನ್ನು ಪೂರ್ತಿ ತೆಗೆದುಬಿಟ್ಟರೆ ಸಮಸ್ಯೆ ಮುಗಿಯಿತಲ್ಲ?

ಅಮೆರಿಕದಲ್ಲಿ ಅದನ್ನೇ ಮಾಡಿ ನೋಡಿದರು. ದನ ಚೆನ್ನಾಗಿ ಮೈ ತುಂಬಿಕೊಂಡಿತು, ಹುಲ್ಲು ಉಳಿಯಲಿಲ್ಲ. ಬರ, ಕೀಟ, ತುಳಿತ ತಡೆಯಲಾರದೆ ಹುಲ್ಲುಗಾವಲು ತೆಳುವಾಯಿತು. ಆಗ ಹೊಳೆದ ದಾರಿ ಬಹಳ ಜಾಣ್ಮೆಯದು: ದನಕ್ಕೆ ವಿಷ ಮಾಡದ, ಕೀಟಕ್ಕೆ ಮಾತ್ರ ವಿಷ ಮಾಡುವ ತಳಿಯ ಬೂಷ್ಟನ್ನು ಕಾಡುಹುಲ್ಲುಗಳಲ್ಲಿ ಹುಡುಕಿ ತಂದು ಬೆಳೆಯುವ ಹುಲ್ಲಿಗೆ ಸೇರಿಸುವುದು. ನ್ಯೂಜಿಲೆಂಡಿನಲ್ಲಿ 2001ರಲ್ಲಿ ಬಿಡುಗಡೆಯಾದ ಎಆರ್1 ಎಂಬ ತಳಿ ಪೆರಮಿನ್ ಮಾಡುತ್ತದೆ, ಲೋಲಿಟ್ರೆಮ್ ಬಿ ಮತ್ತು ಎರ್ಗೊವ್ಯಾಲಿನ್ ಮಾಡುವುದಿಲ್ಲ. ಆಮೇಲೆ ಬಂದ ಎಆರ್37 ಈ ಮೂರನ್ನೂ ಮಾಡುವುದಿಲ್ಲ. ಅದು ಮಾಡುವ ಬೇರೊಂದು ಬಗೆಯ ವಸ್ತುಗಳಾದ ಎಪಾಕ್ಸಿ ಜಾಂಥಿಟ್ರೆಮ್‌ಗಳು ಇನ್ನೂ ಹೆಚ್ಚು ಬಗೆಯ ಕೀಟಗಳನ್ನು ತಡೆಯುತ್ತವೆ. ಅದನ್ನು ಮೇಯ್ದ ಕುರಿಗಳಲ್ಲಿ ಕೆಲವೊಮ್ಮೆ ಸ್ವಲ್ಪ ನಡುಕ ಬರುವುದುಂಟು. ಅಮೆರಿಕದ ಫೆಸ್ಕ್ಯೂಗೆ ಮ್ಯಾಕ್ಸ್‌ಕ್ಯೂ ಎಂಬ ಹೆಸರಿನ ಇಂಥದೇ ತಳಿ ಬಂತು. ಇವು ಯಾವುವೂ ಜೀನ್ ತಿದ್ದಿ ಮಾಡಿದವಲ್ಲ, ಪ್ರಕೃತಿಯಲ್ಲಿದ್ದವನ್ನು ಆರಿಸಿದ್ದು.

ಒಂದೇ ಜಾತಿಯ ಬೂಷ್ಟು ಒಂದು ಕಡೆ ವಿಷ ಮಾಡುತ್ತದೆ, ಇನ್ನೊಂದು ಕಡೆ ಮಾಡುವುದಿಲ್ಲ. ಏಕೆ?

ಪ್ರತಿ ವಿಷಕ್ಕೂ ಬೇಕಾದ ಜೀನ್‌ಗಳು ಬೂಷ್ಟಿನ ವರ್ಣತಂತುವಿನಲ್ಲಿ ಒಂದೆಡೆ ಗುಂಪಾಗಿ ಕುಳಿತಿವೆ. ಎರ್ಗಟ್ ಆಲ್ಕಲಾಯ್ಡ್‌ಗಳಿಗೆ ಒಂದು ಗುಂಪು, ಲೋಲಿಟ್ರೆಮ್‌ಗೆ ಒಂದು, ಲೋಲಿನ್‌ಗೆ ಒಂದು. ಪೆರಮಿನ್‌ಗೆ ಮಾತ್ರ ಒಂದೇ ದೊಡ್ಡ ಜೀನ್ ಮುಖ್ಯ. ಗುಂಪಿನ ಮೊದಲ ಜೀನ್ ಕೆಟ್ಟರೆ ವಿಷವೇ ಇಲ್ಲ, ಕೊನೆಯದು ಕೆಟ್ಟರೆ ಅರ್ಧಕ್ಕೆ ನಿಂತ ಬೇರೆ ವಸ್ತು ಸಿಗುತ್ತದೆ. ಹೀಗೆ ತಳಿಯಿಂದ ತಳಿಗೆ ವಿಷದ ಪಟ್ಟಿ ಬದಲಾಗುತ್ತದೆ. ಈ ಜೀನ್‌ಗಳು ಬೂಷ್ಟು ಹುಲ್ಲಿನೊಳಗಿದ್ದಾಗ ಚುರುಕಾಗುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಹೆಚ್ಚಿನವು ಸುಮ್ಮನಿರುತ್ತವೆ. ವಿಜ್ಞಾನಿಗಳಿಗೆ ಬಹುಕಾಲ ಸುಳಿವು ಸಿಗದಿದ್ದುದಕ್ಕೆ ಇದೂ ಒಂದು ಕಾರಣ.

ಹುಲ್ಲಿನ ಯಾವ ಭಾಗದಲ್ಲಿ, ಯಾವ ಕಾಲದಲ್ಲಿ ವಿಷ ಹೆಚ್ಚು?

ಲೋಲಿಟ್ರೆಮ್ ಬಿ ಎಲೆಯ ಒರೆಯಲ್ಲಿ, ಹಳೆಯ ಎಲೆಗಳಲ್ಲಿ ಹೆಚ್ಚು. ಅದಕ್ಕೇ ಬುಡದವರೆಗೆ ಮೇಯಿಸಿದ ಹುಲ್ಲುಗಾವಲಿನಲ್ಲಿ ಕುರಿ ಬೇಗ ತೂರಾಡುತ್ತದೆ. ಎರ್ಗೊವ್ಯಾಲಿನ್ ಬುಡದಲ್ಲೂ ತೆನೆಯಲ್ಲೂ ಹೆಚ್ಚು. ಬೀಜ ಕಟ್ಟಿದ ಹುಲ್ಲು ಅಪಾಯಕಾರಿ. ಪೆರಮಿನ್ ಎಲೆಯ ಉದ್ದಕ್ಕೂ ಹೆಚ್ಚುಕಡಿಮೆ ಸಮವಾಗಿ ಹರಡಿರುತ್ತದೆ. ಬೇಸಿಗೆಯ ಬಿಸಿ ಮತ್ತು ನೀರಿನ ಕೊರತೆಯಲ್ಲಿ ವಿಷಗಳ ಪ್ರಮಾಣ ಏರುತ್ತದೆ. ಒಣಹುಲ್ಲು ಮಾಡಿಟ್ಟರೆ ಎರ್ಗೊವ್ಯಾಲಿನ್ ನಿಧಾನವಾಗಿ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಬೂಷ್ಟು ಹುಲ್ಲನ್ನೇ ತಿಂದು ಮುಗಿಸದೆ ಹದ್ದುಬಸ್ತಿನಲ್ಲಿ ಇರುವುದು ಹೇಗೆ?

ನನಗೆ ಈ ವಿಷಯದಲ್ಲೆಲ್ಲ ಅತಿ ಸೋಜಿಗದ ಸಂಗತಿ ಇದು. ಬೂಷ್ಟಿನ ಎಳೆ ಸಾಮಾನ್ಯವಾಗಿ ತುದಿಯಲ್ಲಿ ಬೆಳೆಯುತ್ತದೆ. ಹುಲ್ಲಿನ ಎಲೆಯೊಳಗೆ ಮಾತ್ರ ಬೂಷ್ಟಿನ ಎಳೆಯು ಹುಲ್ಲಿನ ಕೋಶಗಳಿಗೆ ಅಂಟಿಕೊಂಡು, ಕೋಶ ಉದ್ದವಾದಂತೆ ತಾನೂ ನಡುವಿನಲ್ಲೇ ಉದ್ದವಾಗುತ್ತದೆ. ಎಲೆಯ ಬೆಳವಣಿಗೆ ನಿಂತ ದಿನ ಎಳೆಯದೂ ನಿಲ್ಲುತ್ತದೆ. ಬದುಕಿರುತ್ತದೆ, ವಿಷ ಮಾಡುತ್ತಿರುತ್ತದೆ, ಹರಡುವುದಿಲ್ಲ. ಈ ಸಂಯಮಕ್ಕೆ ಬೂಷ್ಟಿನದೇ ಒಂದು ಜೀನ್ ಬೇಕು. ಆಮ್ಲಜನಕದ ಚುರುಕು ರೂಪಗಳನ್ನು ಮಾಡುವ ನಾಕ್ಸ್‌ಎ ಎಂಬ ಆ ಜೀನನ್ನು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೆಗೆದುಹಾಕಿದರು. ಎಳೆಗಳು ಕವಲೊಡೆದು ತುಂಬಿಕೊಂಡವು, ಹುಲ್ಲು ಗಿಡ್ಡವಾಗಿ, ಬೇಗ ಮುಪ್ಪಾಗಿ ಸತ್ತಿತು. ಸಹಜೀವಿಗೂ ರೋಗಕಾರಕಕ್ಕೂ ನಡುವೆ ಅಲ್ಲಿದ್ದುದು ಒಂದೇ ಜೀನಿನ ಅಂತರ.

ಇದನ್ನೇ ಜೋಳಕ್ಕೋ ಭತ್ತಕ್ಕೋ ಸೇರಿಸಿ ಔಷಧಿ ಹೊಡೆಯದೆ ಬೆಳೆ ತೆಗೆಯಬಹುದೇ?

ಆಸೆ ಒಳ್ಳೆಯದು. ಆದರೆ ಪ್ರತಿ ಎಪಿಕ್ಲೋ ಪ್ರಭೇದಕ್ಕೂ ತನ್ನದೇ ಹುಲ್ಲು ಬೇಕು. ಬೇರೆಯದಕ್ಕೆ ಸೇರಿಸಿದರೆ ಗಿಡ ಕುಬ್ಜವಾಗುತ್ತದೆ ಅಥವಾ ಬೂಷ್ಟು ಉಳಿಯುವುದಿಲ್ಲ. ಗೋಧಿಯ ಹತ್ತಿರದ ಸಂಬಂಧಿಯಾದ ರೈ ಧಾನ್ಯದಲ್ಲಿ ಪ್ರಯತ್ನ ನಡೆದಿದೆ. ಜೋಳ, ಸಜ್ಜೆ ಅದಕ್ಕೆ ತೀರ ದೂರದವು. ಭತ್ತದೊಳಗೆ ಈ ಕುಟುಂಬದ ಬೂಷ್ಟು ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ರೈತರಿಗೆ ಗೊತ್ತಿರುವ ಊದುಬತ್ತಿ ರೋಗವೇ ಉದಾಹರಣೆ. ಎಫೆಲಿಸ್ ಎಂಬ ಬೂಷ್ಟು ಗಿಡದೊಳಗೆ ಬೆಳೆದು, ತೆನೆ ಬಿಡಿಸಿಕೊಳ್ಳದೆ ಕಪ್ಪು ಚುಕ್ಕೆಗಳ ಬೂದುಬಣ್ಣದ ಒಂದೇ ಕಡ್ಡಿಯಾಗಿ ಹೊರಬರುತ್ತದೆ. ಒಂದು ಕಾಳೂ ಸಿಗುವುದಿಲ್ಲ. ಬೆಳೆಯ ಕಾಳನ್ನು ಮನುಷ್ಯರು ತಿನ್ನುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಯಾವ ವಿಷ ಕಾಳಿಗೆ ಸೇರುತ್ತದೆ ಎಂದು ಮೊದಲು ತಿಳಿಯಬೇಕು.

ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಬಹುದೇ? ನಮ್ಮ ಹುಲ್ಲುಗಳ ಮೇಲೆ ಏನು ಕೆಲಸ ಮಾಡಬಹುದು?

ನೋಡಬಹುದು, 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು. ಬಲಿತ ಕವಲಿನ ಬುಡದ ಒಂದು ಒರೆಯನ್ನು ಬಿಡಿಸಿ, ಒಳಮೈ ಮೇಲೆ ಬರುವಂತೆ ಬೆರಳಿನ ಮೇಲೆ ಹಾಸಿಕೊಳ್ಳಿ. ಬ್ಲೇಡಿನಿಂದ ಅಡ್ಡಲಾಗಿ ತುಸು ಗೀರಿ, ಚಿಮುಟದಿಂದ ಒಳಸಿಪ್ಪೆಯನ್ನು ಎಳೆದರೆ ಈರುಳ್ಳಿಯ ಪೊರೆಯಂಥ ತೆಳುಪಟ್ಟಿ ಬರುತ್ತದೆ. ಗಾಜಿನ ಮೇಲಿಟ್ಟು ಲ್ಯಾಕ್ಟಿಕ್ ಆಮ್ಲದಲ್ಲಿ ಕರಗಿಸಿದ ಅನಿಲಿನ್ ಬ್ಲೂ ಒಂದು ಹನಿ ಹಾಕಿ, ಸ್ವಲ್ಪ ಬಿಸಿ ಮಾಡಿ, ಮುಚ್ಚಿ. ಎಪಿಕ್ಲೋ ಇದ್ದರೆ ಉದ್ದ ಕೋಶಗಳಿಗೆ ಸಮಾನಾಂತರವಾಗಿ, ತುಸು ಅಂಕುಡೊಂಕಾಗಿ, ಕವಲೊಡೆಯದೆ ಸಾಗುವ ನೀಲಿ ಎಳೆಗಳು ಕಾಣುತ್ತವೆ. ಇದಕ್ಕೆ ಲಾನಿಗೆ ಮಾರುವ ಫೆಸ್ಕ್ಯೂ ಬೀಜವನ್ನು ಕುಂಡದಲ್ಲಿ ಚಳಿಗಾಲದಲ್ಲಿ ಮೊಳೆಸಿಕೊಳ್ಳಬಹುದು. ನಮ್ಮ ಹುಲ್ಲುಗಳಲ್ಲಿ ಕಾಣುವುದು ಬಹುಪಾಲು ಕೋಶದ ಗೋಡೆಗಳನ್ನು ಅಡ್ಡಡ್ಡ ದಾಟುವ, ಕವಲೊಡೆದ ಎಳೆಗಳು. ಅವು ಕರ್ವುಲೇರಿಯ, ಆಲ್ಟರ್ನೇರಿಯ ಮೊದಲಾದ ಬೇರೆ ಬೂಷ್ಟುಗಳು.

ಕೆಲಸ ಬೇಕಾದಷ್ಟಿದೆ. ಕರಿಕೆ ಮತ್ತು ಗೋಮಾಳದ ಹುಲ್ಲುಗಳ ತೆನೆಯಲ್ಲಿ ಎರ್ಗಟ್ ಯಾವ ತಿಂಗಳಲ್ಲಿ, ಎಲ್ಲಿ ಬರುತ್ತದೆ ಎಂದು ಆಳಂದದಿಂದ ಶಹಾಪುರದವರೆಗೆ ಗುರುತು ಮಾಡುತ್ತಾ ಹೋದರೂ ಅದು ಉಪಯುಕ್ತ ದಾಖಲೆ. ಕಾಲುವೆಗುಂಟ ಬೇಶರಮ್ ಬೀಜ ಸಂಗ್ರಹಿಸಿ ಎಷ್ಟು ಗಿಡಗಳಲ್ಲಿ ಬೂಷ್ಟು ಇದೆ, ಎಷ್ಟರಲ್ಲಿ ಇಲ್ಲ ಎಂದು ನೋಡುವುದು ಇನ್ನೊಂದು. ವಿಷ ಅಳೆಯುವ ಹಂತಕ್ಕೆ ಬಂದಾಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೋ ಅಧ್ಯಾಪಕರನ್ನು ಕಂಡು ಮಾತನಾಡಿ. ಮಾದರಿಗಳನ್ನು ದಿನಾಂಕ, ಊರು, ಹೊಲದ ಬಗೆ ಬರೆದ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ಎರಡೇ ದಿನದಲ್ಲಿ ಬೆವರಿ, ಹೊರಗಿನ ಬೂಷ್ಟು ಬೆಳೆದು, ಒಳಗೆ ಏನಿತ್ತು ಎಂದು ತಿಳಿಯದಂತಾಗುತ್ತದೆ.